ಒಂಟಿ ಗಾಲಿಯ ಉಸಾಬರಿ

ಅರಸೀಕೆರೆ ಎಂದ ಕೂಡಲೇ ‘ಓಹೋ, ತೆಂಗಿನಕಾಯಿ, ರೈಲ್ವೆ ಜಂಕ್ಷನ್ನು’ ಎನ್ನುವವರನ್ನು ತಿದ್ದಿ ತಿದ್ದಿ ನಾವು ಸೋತಿದ್ದೇವೆ. ಅದು ಹಾಸನ ಜಿಲ್ಲೆಯದು. ನಮ್ಮದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ, ಉಚ್ಚಂಗಿದುರ್ಗದ ಸೀಮೆಯದು. ಬಳ್ಳಾರಿ ಜಿಲ್ಲೆಯವರಾಗಿದ್ದ ನಾವು 1997ರಲ್ಲಿ ದಾವಣಗೆರೆಯವರಾದೆವು, 2018ರಲ್ಲಿ ಮತ್ತೆ ಬಳ್ಳಾರಿಯವರಾದೆವು, 2021ರಲ್ಲಿ ವಿಜಯನಗರದವರಾದೆವು. ಕೂತ ಕಟ್ಟೆ ಬಿಟ್ಟೇಳದೆ ಇಷ್ಟು ಜಿಲ್ಲೆ ಸುತ್ತಿದವರಿಗೆ ಗಾಲಿಯ ಹಂಗೇ ಇಲ್ಲ ಎಂಬುದು ನನ್ನ ವಾದ. ಅಂಥ ಊರಿಗೆ ನಮ್ಮಕ್ಕನ ಮಗ ಬೆಂಗಳೂರಿನಿಂದ ಒಂದೇ ಗಾಲಿಯ ಕರೆಂಟ್ ಗಾಡಿ ತಂದ.

ಅವನ ಗಾಡಿಗೆ ಹ್ಯಾಂಡಲ್ಲಿಲ್ಲ, ಸೀಟಿಲ್ಲ, ಬ್ರೇಕಿನ ಹಿಡಿಯೂ ಇಲ್ಲ. ಗಾಲಿಯ ಎರಡು ಮಗ್ಗುಲಿಗೆ ಎರಡು ಪೆಡಲು, ಅದರ ಮೇಲೆ ನಿಂತ ಅಳಿಯ. ಮುಂದಕ್ಕೆ ವಾಲಿದರೆ ಓಡುತ್ತದೆ, ಹಿಂದಕ್ಕೆ ವಾಲಿದರೆ ನಿಲ್ಲುತ್ತದೆ. ಅಮೆರಿಕದ ಶೇನ್ ಚೆನ್ ಎಂಬಾತ 2011ರ ಸುಮಾರಿಗೆ ಸೋಲೋವ್ಹೀಲ್ ಎಂಬ ಹೆಸರಿನಲ್ಲಿ ಇಂಥದ್ದನ್ನು ಮಾರುಕಟ್ಟೆಗೆ ಬಿಟ್ಟನಂತೆ. ಆಮೇಲೆ ಚೀನಾದವರು ಅದನ್ನು ಹಿಡಿದುಕೊಂಡರು. ಸವಾರ ಎಷ್ಟು ವಾಲಿದ ಎಂಬುದನ್ನು ಒಳಗಿನ ಗೈರೊಸ್ಕೋಪು ಅಳೆಯುತ್ತದೆ, ಮೋಟರು ತಕ್ಷಣ ಗಾಲಿಯನ್ನು ಅವನ ಕಾಲಡಿಗೆ ದಬ್ಬುತ್ತದೆ. ಬಿಡಿಸಿ ಹೇಳಬೇಕೆಂದರೆ, ಸವಾರ ಹೊತ್ತಿಗೊಮ್ಮೆ ಬೀಳಲು ಹೊರಡುತ್ತಾನೆ, ಗಾಡಿ ಹೊತ್ತಿಗೊಮ್ಮೆ ಬೇಡವೆಂದು ತಡೆಯುತ್ತದೆ. ತಡೆಯುವ ತ್ರಾಣ ಒಂದು ಗಳಿಗೆ ತಪ್ಪಿದರೂ ಮೂಗು ಡಾಂಬರಿಗೆ.

ಇದನ್ನು ಕೇಳಿದ ಮೇಲೆ ಅವನ ಬೆಳಗಿನ ತಪಾಸಣೆಯನ್ನು ಕಂಡು ನಗುವ ಧೈರ್ಯ ನನಗಾಗಲಿಲ್ಲ. ನಮ್ಮ ಕಡೆ ಗಾಡಿಯ ತಪಾಸಣೆ ಎಂದರೆ ವರ್ಷಕ್ಕೊಮ್ಮೆ, ಆಯುಧಪೂಜೆಗೆ. ಅವತ್ತೂ ನಾವು ನೋಡುವುದು ಕುಂಕುಮ ಸರಿಯಾಗಿ ಹತ್ತಿತೇ, ಮಾಲೆ ಹೆಡ್‌ಲೈಟಿಗೆ ಅಡ್ಡ ಬಂತೇ ಎಂಬಷ್ಟನ್ನೇ. ನನ್ನ ಮೊಪೆಡ್ಡಿನ ಹಿಂದಿನ ಬ್ರೇಕು ಇದೆಯೋ ಇಲ್ಲವೋ ಎಂಬುದು ಆಸ್ತಿಕರಿಗೂ ನಾಸ್ತಿಕರಿಗೂ ಬಿಟ್ಟ ವಿಷಯ. ಮುಂದಿನದಿದೆಯಲ್ಲ, ಸಾಕು. ಎರಡು ಗಾಲಿ ಇದ್ದವರಿಗೆ ಇಂಥ ಉಡಾಫೆ ನಡೆಯುತ್ತದೆ.

ಅಳಿಯ ಕಟ್ಟೆಯ ಮೇಲೆ ಗಾಡಿ ಇಟ್ಟುಕೊಂಡು ಕೂರುತ್ತಿದ್ದ. ಮೊದಲು ಗಾಳಿ. ಎಷ್ಟಿರಬೇಕೆಂಬುದು ಸವಾರನ ತೂಕದ ಮೇಲೆ ಹೋಗುತ್ತದಂತೆ. ಅವರತ್ತೆಯ ಹೋಳಿಗೆ ಊಟದ ಮಾರನೆಯ ದಿನ ಎರಡು ಸಲ ಮೀಟರು ಹಚ್ಚಿ ನೋಡಿದ. ಆಮೇಲೆ ಟೈರಿನ ಸುತ್ತ ಹೆಬ್ಬೆರಳು ಆಡಿಸುತ್ತ ಬಂದವನು ಒಂದು ಕಡೆ ನಿಂತ. ಉಗುರಿನಿಂದ ಮೀಟಿ ತೆಗೆದದ್ದು ಬಳ್ಳಾರಿ ಜಾಲಿಯ ಮುಳ್ಳು, ತುದಿ ಇನ್ನೂ ಟ್ಯೂಬು ಮುಟ್ಟಿರಲಿಲ್ಲ. ಜಿಲ್ಲೆ ಎಷ್ಟು ಸಲ ಬದಲಾದರೂ ನಮ್ಮ ಮುಳ್ಳು ಬಳ್ಳಾರಿಯದೇ. ನಂತರ ಪೆಡಲುಗಳನ್ನು ಹಿಡಿದು ಅಲುಗಿಸಿದ, ಅಚ್ಚಿನ ನಟ್ಟುಗಳಿಗೆ ಸ್ಪ್ಯಾನರ್ ಹಾಕಿದ, ಗಾಲಿ ತಿರುಗಿಸಿ ಬೇರಿಂಗಿನ ಸದ್ದಿಗೆ ಕಿವಿಗೊಟ್ಟ. ಕೊನೆಗೆ ಹೆಲ್ಮೆಟ್ಟು, ಮಣಿಕಟ್ಟಿಗೊಂದು ಕವಚ, ಮಂಡಿಗೊಂದು ಕವಚ.

ಪಕ್ಕದ ಮನೆಯ ಅಜ್ಜ ಬೀಡಿ ಆರುವವರೆಗೂ ನೋಡಿ, ‘ಏನಪಾ, ಹತ್ತೋದಕಿಂತ ನೋಡೋದ ಜಾಸ್ತಿ ಆತಲ್ಲ?’ ಎಂದ.

‘ಅಜ್ಜಾ, ಇದಕ್ಕೆ ಸ್ಟೆಪ್ನಿನೂ ಇಲ್ಲ, ಜೋಡಿ ಗಾಲಿನೂ ಇಲ್ಲ.’

ಅಜ್ಜ ತಲೆಯಾಡಿಸಿದ. ಅವನಿಗೆ ಕೊಟ್ಟೂರಿನ ತೇರು ನೆನಪಾಗಿತ್ತು. 2017ರ ಫೆಬ್ರವರಿಯಲ್ಲಿ ಗುರು ಕೊಟ್ಟೂರೇಶ್ವರನ ತೇರು ಎಳೆಯುವಾಗಲೇ ಉರುಳಿ ಜನ ಗಾಯಗೊಂಡದ್ದು ಈ ಸೀಮೆಯವರಿಗೆ ಮರೆಯುವಂಥದ್ದಲ್ಲ. ‘ಅಷ್ಟು ಗಾಲಿ ಇದ್ದ ತೇರೇ ಬಿತ್ತು. ನೋಡ್ಕೊ, ನೋಡ್ಕೊ’ ಎಂದವನು ಮರುದಿನದಿಂದ ತಾನೇ ಮುಂದೆ ಕೂತು, ‘ಆ ನಟ್ಟು ನೋಡಿದ್ಯಾ?’ ಎಂದು ಕೇಳಲು ಶುರು ಮಾಡಿದ. ನಮ್ಮ ಓಣಿಗೆ ಪುಕ್ಕಟೆ ಆರ್‌ಟಿಓ ಬಂದಂತಾಯಿತು.

ಗಾಳಿ ಹಾಕಿಸುವುದೊಂದು ಪ್ರಸಂಗವೇ. ಪಂಚರ್ ಅಂಗಡಿಯವನು ಗಾಡಿಯನ್ನು ಹಿಂದೆ ಮುಂದೆ ತಿರುಗಿಸಿ, ‘ಇನ್ನೊಂದು ಗಾಲಿ ಎಲ್ಲಿ ಬಿಟ್ಟು ಬಂದ್ರಿ?’ ಎಂದ. ಮೌತು ಕವಚದೊಳಗೆ ಹುದುಗಿದೆ. ಪೈಪಿನ ಮೂತಿ ಹೋಗುವುದಿಲ್ಲ. ಅಳಿಯ ಜೇಬಿನಿಂದ ಬಾಗಿದ ನಳಿಗೆಯೊಂದನ್ನು ತೆಗೆದು ಸಿಕ್ಕಿಸಿ ತೋರಿಸಿದ. ‘ಪಂಚರ್ ಆದ್ರೆ?’ ಎಂದು ಅಂಗಡಿಯವನು ಕಸುಬಿನ ಪ್ರಶ್ನೆ ಕೇಳಿದ. ಮೋಟರು ಗಾಲಿಯ ನಡುವಿನಲ್ಲೇ ಇರುವುದರಿಂದ ಕವಚ ಬಿಚ್ಚಬೇಕು, ವೈರು ಕಳಚಬೇಕು, ಆಮೇಲೆ ಟೈರಿಗೆ ಕೈ ಹಚ್ಚಬೇಕು. ಅಂಗಡಿಯವನು ನೀರಿನ ಬಾನಿಯನ್ನು ಮೆಲ್ಲಗೆ ಕಾಲಿನಿಂದ ಆಚೆ ಸರಿಸಿದ. ದುಡ್ಡು ಮಾತ್ರ ತಗೊಳ್ಳಲಿಲ್ಲ. ‘ಎರಡು ಗಾಲಿಗೆ ರೇಟ್ ಐತಿ, ಒಂದಕ್ಕ ಏನಂತ ಹೇಳ್ಲಿ?’

ನನ್ನ ತಲೆಗೆ ಹತ್ತದೇ ಇದ್ದದ್ದು ಬ್ಯಾಟರಿಯ ಶಾಸ್ತ್ರ. ಚಾರ್ಜು ಇಳಿದಾಗ ಮೋಟರಿಗೆ ಬಲ ಸಾಲದು, ಆಗ ಗಾಡಿ ಪೀ ಪೀ ಎಂದು ಕೂಗಿ, ಪೆಡಲನ್ನು ಹಿಂದಕ್ಕೆ ವಾಲಿಸಿ ‘ನಿಧಾನ’ ಎನ್ನುತ್ತದೆ. ಇಷ್ಟು ಸರಿ. ಆದರೆ ಪೂರ್ತಿ ಚಾರ್ಜು ಮಾಡಿ ಗುಡ್ಡ ಇಳಿಯಬಾರದು ಎಂದನಲ್ಲ! ಉಚ್ಚಂಗಿದುರ್ಗದ ಇಳಿಜಾರಿನಲ್ಲಿ ಬ್ರೇಕು ಹಿಡಿದಂತೆಲ್ಲ ಮೋಟರು ತಾನೇ ಕರೆಂಟು ಹುಟ್ಟಿಸಿ ಬ್ಯಾಟರಿಗೆ ತುಂಬುತ್ತದೆ. ತುಂಬಿದ ಬ್ಯಾಟರಿಯಲ್ಲಿ ಅದಕ್ಕೆ ಜಾಗವೆಲ್ಲಿ? ಮದುವೆ ಪಂಕ್ತಿಯಲ್ಲಿ ಬೀಗರಿಗೆ ಎಲೆ ಮುಚ್ಚಿದರೂ ಬಡಿಸಿದಂತೆ. ಬ್ರೇಕು ಕೈಕೊಡುವುದು ಅಲ್ಲೇ. ರಾತ್ರಿಯೆಲ್ಲ ಕರೆಂಟು ಯಾವಾಗ ಬರುತ್ತದೆಂದು ಕಾದು ಪಂಪ್‌ಸೆಟ್ ಹಚ್ಚುವ ನಮ್ಮ ರೈತರಿಗೆ, ಕರೆಂಟು ಹೆಚ್ಚಾಗಿ ಗಾಡಿ ಕೆಡುತ್ತದೆ ಎಂದರೆ ಯಾರು ನಂಬಬೇಕು?

ಎಲ್ಲವನ್ನೂ ನೋಡಿದ ಅಳಿಯ ನೋಡದೆ ಉಳಿದದ್ದು ರಸ್ತೆಯನ್ನು. ಸುಗ್ಗಿ ಮುಗಿದ ಹೊತ್ತು. ನಮ್ಮ ಭಾಗದಲ್ಲಿ ಆಗ ರಸ್ತೆಯ ಅರ್ಧ ಸರ್ಕಾರದ್ದು, ಅರ್ಧ ಮೆಕ್ಕೆಜೋಳದ್ದು. ಹಾಸಿ ಒಣಗಿಸಿದ ಕಾಳು ಒಂಟಿ ಗಾಲಿಯ ಕೆಳಗೆ ಸಿಕ್ಕರೆ ಯಾವ ಗೈರೊಸ್ಕೋಪಿನ ಮಾತೂ ನಡೆಯದು. ಅಳಿಯ ದೂರದಿಂದಲೇ ಇಳಿದು, ಗಾಡಿಯನ್ನು ಮಗುವಿನ ಕೈ ಹಿಡಿದಂತೆ ನಡೆಸಿಕೊಂಡು ಬಂದ.

ಮುಂದೆ ಹುರುಳಿ ಹರವಿತ್ತು. ಓಡಾಡುವ ಗಾಡಿಗಳ ಗಾಲಿಗೆ ಸಿಕ್ಕಿ ಕಾಳು ತಾನಾಗಿ ಉದುರಲಿ ಎಂದು ಹಾಸಿದ ಬೆಳೆ. ಮೊರ ಹಿಡಿದು ನಿಂತಿದ್ದ ಅಮ್ಮನೊಬ್ಬಳು ಗಾಡಿಯನ್ನು ಮೇಲಿಂದ ಕೆಳಗೆ ಅಳೆದಳು.

‘ಇದಕ್ಕ ಒಂದ ಗಾಲಿ ಏನೋ ತಮ್ಮಾ?’

‘ಹೌದಮ್ಮ, ಇದು ಅಷ್ಟೇ.’

‘ಒಂದ ಗಾಲಿಗೆ ಏನು ಉದುರತೈತಿ? ಬಾಜೂಕ ಸರಿ, ಹಿಂದ ಲಾರಿ ಬರಾಕತ್ತೈತಿ.’