ಎರಡೂವರೆ ನಿಮಿಷದ ಭಾವುಕತೆ

ರಾಜ್ಯೋತ್ಸವಕ್ಕೆ ನಾಡಗೀತೆ ಹಾಡುವ ಗುಂಪಿಗೆ ನನ್ನನ್ನೂ ಸೇರಿಸಿಕೊಂಡರು. ಕಂಠ ಮೆಚ್ಚಿಯೇನಲ್ಲ. ಕೆ.ಆರ್. ಪುರದ ಕಡೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಚೀಟಿ ನೋಡದೆ ಪೂರ್ತಿ ಪದ್ಯ ಹೇಳಬಲ್ಲ ಗಂಡಸರಿಗೆ ಬರ ಬಿದ್ದಿತ್ತು ನೋಡಿ, ಅದಕ್ಕೆ.

ಕಲಿಸಲು ಬಂದವರು ಇಂದಿರಾನಗರದ ಸಂಗೀತದ ಮೇಡಂ. ಒಂದು ಕೈಯಲ್ಲಿ ತಾಳ, ಇನ್ನೊಂದರಲ್ಲಿ ಮೊಬೈಲಿನ ಸ್ಟಾಪ್‌ವಾಚ್. ಅವರಾದರೂ ಏನು ಮಾಡಿಯಾರು? ಕುವೆಂಪು ಅವರ ಪದ್ಯ ನಾಡಗೀತೆಯಾದದ್ದು 2004ರಲ್ಲಿ; ಯಾರ ಧಾಟಿ, ಎಷ್ಟು ಹೊತ್ತು ಎಂದು ಸರ್ಕಾರ ತೀರ್ಮಾನಿಸಿದ್ದು 2022ರ ಸೆಪ್ಟೆಂಬರಿನಲ್ಲಿ. ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ. ಸಿ. ಅಶ್ವತ್ಥ್ ಧಾಟಿಯೇ ಬೇಕೆಂದು ಗಾಯಕರೊಬ್ಬರು ಹೈಕೋರ್ಟಿಗೆ ಹೋದರು, ವಿಚಾರಣೆಯ ನಡುವೆ ಹಾಡಿಯೂ ತೋರಿಸಿದರು. ಅರ್ಜಿ ಬಿದ್ದುಹೋಯಿತು. ಬೇಲಿಗಾಗಿ ಕೋರ್ಟು ಹತ್ತುವವರು ಎಲ್ಲೆಡೆ ಇದ್ದಾರೆ. ಧಾಟಿಗಾಗಿ ಹತ್ತುವ ಜನ ನಾವು ಎಂದು ನನಗೆ ಒಳಗೊಳಗೇ ಹೆಮ್ಮೆ.

ಮೊದಲ ಕಂಟಕ ಶ್ರುತಿಯದು. ಹೆಂಗಸರಿಗೆ ಐದೂವರೆ ಹಿತ, ಗಂಡಸರಿಗೆ ಒಂದು. ನಡುವೆ ಎಲ್ಲೋ ಹಿಡಿದರೆ ಬಾಡಿಗೆ ಕರಾರಿನ ಹಾಗೆ, ಇಬ್ಬರಿಗೂ ಅಸಮಾಧಾನ. ಮೇಲಿನ ಷಡ್ಜಕ್ಕೆ ಗಂಡಸರು ಹಿಮ್ಮಡಿ ಎತ್ತಿದರು, ಮಂದ್ರಕ್ಕೆ ಹೆಂಗಸರು ಗಲ್ಲವನ್ನು ಎದೆಗೊತ್ತಿಕೊಂಡರು. ಜೊತೆಗೆ ನಾಲ್ಕನೇ ಮಹಡಿಯ ರಾಯರಿಗೆ ಭಾವ ಬಂದುಬಿಡುತ್ತದೆ. ಭಾವ ಬಂದರೆ ಕಣ್ಣು ಮುಚ್ಚುತ್ತಾರೆ. ಕಣ್ಣು ಮುಚ್ಚಿದರೆ ಮೇಡಂ ಕೈ ಕಾಣದು. ಕೈ ಕಾಣದಿದ್ದರೆ ಒಂದು ಸಾಲು ಹಿಂದೆಯೇ ನಿಂತು ನಾಡನ್ನು ಹೊಗಳುತ್ತಿರುತ್ತಾರೆ.

ಬಿಕ್ಕಟ್ಟು ಬಿಡಿಸಿದವರು ಎದುರು ಮನೆಯ ಆಂಟಿ. ಶಿವಾಜಿನಗರದಲ್ಲಿ ಬೆಳೆದವರು, ಮನೆಮಾತು ತಮಿಳು, ಚರ್ಚಿನ ಕಾಯರ್‌ನಲ್ಲಿ ಆಲ್ಟೊ ಹಾಡಿ ಪಳಗಿದವರು. "ಸಾರ್, ಅಳೋದು ಕೇಳೋರ ಕೆಲಸ. ನಾವು ಅತ್ರೆ ಗಂಟಲು ಕಟ್ಟುತ್ತೆ, ಶ್ರುತಿ ಇಳಿಯುತ್ತೆ" ಎಂದರು. ಪಕ್ಕದವರ ದನಿ ಕಿವಿಗೆ ಬೀಳದಷ್ಟು ಜೋರಾಗಿ ಹಾಡಕೂಡದು. ಎಲ್ಲರೂ ಒಟ್ಟಿಗೆ ಉಸಿರೆಳೆಯಕೂಡದು. ಒಬ್ಬರು ಎಳೆಯುವಾಗ ಪಕ್ಕದವರು ಸಾಲನ್ನು ಹಿಡಿದಿರಬೇಕು. ಇದೆಲ್ಲ ಬರೀ ಕಸರತ್ತು ಎಂದುಕೊಂಡೇ ನಿಂತಿದ್ದೆ. ಆದರೆ ರಾಯರು ಉಸಿರಿಗೆ ನಿಂತಾಗ ಅವರ ಸ್ವರ ನನ್ನ ಗಂಟಲಲ್ಲಿ ಮುಂದುವರಿಯಿತು, ನಾನು ನಿಂತಾಗ ಅವರದರಲ್ಲಿ. ಮೈ ಜುಮ್ಮೆಂದಿತು. ಬಚ್ಚಲುಮನೆಯಲ್ಲಿ ಒಬ್ಬನೇ ಎಷ್ಟು ಭಾವ ಉಕ್ಕಿಸಿದರೂ ಹೀಗೆ ಆದದ್ದಿಲ್ಲ.

ಹಾಗೆಂದು ಕಸರತ್ತಿಗೂ ಗಡಿಯಾರಕ್ಕೂ ಎಲ್ಲವನ್ನೂ ಬರೆದುಕೊಡಲಾರೆ. 2005ರಲ್ಲಿ ಅರಮನೆ ಮೈದಾನದಲ್ಲಿ ಅಶ್ವತ್ಥ್ 'ಕನ್ನಡವೇ ಸತ್ಯ' ಗಾಯನ ಕಾರ್ಯಕ್ರಮ ನಡೆಸಿದಾಗ ನೆರೆದ ಜನಸಾಗರದ ಗುನುಗಿಗೆ ಯಾವ ಮೇಡಂ ಶ್ರುತಿ ಹಿಡಿಸಿಯಾರು?

ನವೆಂಬರ್ 1ರಂದು ನಮ್ಮದು 2 ನಿಮಿಷ 50 ಸೆಕೆಂಡಾಯಿತು. ಹೆಚ್ಚಿನ 20 ಸೆಕೆಂಡು ರಾಯರದು. ಎಲ್ಲರೂ ಮುಗಿಸಿದ ಮೇಲೂ ಅವರೊಬ್ಬರೇ ಕಣ್ಣು ಮುಚ್ಚಿ ಹಾಡುತ್ತಿದ್ದರು. ಯಾರಿಗೂ ನಿಲ್ಲಿಸುವ ಮನಸ್ಸಾಗಲಿಲ್ಲ, ಮೇಡಂಗೂ.

ಈಗ ಆಂಟಿ ನಮ್ಮನ್ನೆಲ್ಲ ಡಿಸೆಂಬರಿನ ಕ್ಯಾರಲ್‌ಗೆ ಕರೆದಿದ್ದಾರೆ. ನಾನು ಟೆನರೋ ಬೇಸೋ ಎಂಬ ಚರ್ಚೆ ನಡೆದಿದೆ. ಪ್ರೇಕ್ಷಕ ಎಂಬುದು ನನ್ನ ಹೆಂಡತಿಯ ಖಚಿತ ಅಭಿಪ್ರಾಯ.