ಒಂದೂವರೆ ಗಂಟೆಯ ಕೋಟ್ಯಧೀಶ

ಧಾರವಾಡದಲ್ಲಿರುವ ನನ್ನ ತಾಯಿಯವರು, ಮಗನ ಉದ್ಯೋಗವೇನೆಂದು ಕೇಳಿದವರಿಗೆಲ್ಲ ‘ಬ್ಯಾಂಕಿನಲ್ಲಿದ್ದಾನೆ’ ಎಂದು ಹೇಳಿ ಹದಿನೆಂಟು ವರ್ಷಗಳಿಂದ ಕೈತೊಳೆದುಕೊಂಡಿದ್ದಾರೆ. ಮುಂಬಯಿಯ ಬಾಂದ್ರಾ–ಕುರ್ಲಾದ ಗಾಜಿನ ಸೌಧವೊಂದರಲ್ಲಿ ಕುಳಿತು, ದೊಡ್ಡ ಕಂಪೆನಿಗಳ ಖಜಾನೆಗಳಲ್ಲಿ ತಾತ್ಕಾಲಿಕವಾಗಿ ನಿರುದ್ಯೋಗಿಯಾಗಿರುವ ಹಣವನ್ನು ನಮ್ಮ ಮ್ಯೂಚುವಲ್ ಫಂಡಿನಲ್ಲಿ ತಂದಿರಿಸಿರೆಂದು ಸವಿನಯವಾಗಿ ಯಾಚಿಸುವುದೇ ನನ್ನ ಕಾಯಕ. ಇದಕ್ಕೆ ‘ಇನ್‌ಸ್ಟಿಟ್ಯೂಷನಲ್ ಸೇಲ್ಸ್’ ಎಂಬ ಗಂಭೀರವಾದ ನಾಮಧೇಯವಿದ್ದರೂ, ಜೋಳಿಗೆ ಹಿಡಿದು ಬರುತ್ತಿದ್ದ ನಮ್ಮೂರ ಅಯ್ಯನವರು ವಾರಕ್ಕೊಮ್ಮೆ ಬರುತ್ತಿದ್ದರು, ನಾನು ದಿನವೂ ಹೋಗುತ್ತೇನೆ, ಇಷ್ಟೇ ಅಂತರ.

ಮೊನ್ನೆ ಉಡುಪಿಯ ಕಡೆಯವರೇ ಆದ ಖಜಾಂಚಿಯೊಬ್ಬರನ್ನು, ಅವರ ಸಹಾಯಕರಿಬ್ಬರ ಸಮೇತ, ಪಂಚತಾರಾ ಹೋಟೆಲಿಗೆ ಊಟಕ್ಕೆ ಕರೆದೊಯ್ದಿದ್ದೆ. ಅವರಲ್ಲಿ 500 ಕೋಟಿ ರೂಪಾಯಿ ಒಂದು ರಾತ್ರಿಯ ಮಟ್ಟಿಗೆ ತಂಗಲು ಛತ್ರ ಹುಡುಕುತ್ತಿತ್ತು. ಓವರ್‌ನೈಟ್ ಫಂಡಿನ ಹಣ ಅಪರಾಹ್ನ ಒಂದೂವರೆಯೊಳಗೆ ಬಂದು ಸೇರತಕ್ಕದ್ದು. ತಪ್ಪಿದರೆ ಆ ದಿನದ ಗಳಿಕೆ, ಶೇಕಡಾ 6.5ರಂತೆ ಎಣಿಸಿದರೆ ಸುಮಾರು ಒಂಬತ್ತು ಲಕ್ಷ, ಗಂಗೆಯ ಪಾಲು. ಮಹಾಶಯರು 1.24ಕ್ಕೆ ಫೋನನ್ನು ಬೋರಲು ಮಲಗಿಸಿ, ಮೊಸರನ್ನಕ್ಕೆ ಮಿಡಿ ಉಪ್ಪಿನಕಾಯಿ ಇದೆಯೇ ಎಂದು ಮಾಣಿಯೊಡನೆ ವಿಚಾರಕ್ಕೆ ಕುಳಿತರು. ಆ ನಾಲ್ಕು ನಿಮಿಷಗಳಲ್ಲಿ ನಾನು ಸ್ಮರಿಸದ ಕುಲದೇವತೆಯಿಲ್ಲ. 1.28ಕ್ಕೆ ಫೋನು ಗುಂಯ್‌ಗುಟ್ಟಿತು. ತಿರುಗಿಸಿ ನೋಡಿ, ‘ಹೋಯಿತು’ ಎಂದರು. ನಮ್ಮಲ್ಲಿಗೆ ಹೋಯಿತೋ, ನಮ್ಮ ಕೈಬಿಟ್ಟು ಹೋಯಿತೋ ಎಂದು ಕೇಳಲು ನನಗೆ ನಾಲಗೆಯೇ ಏಳಲಿಲ್ಲ. ಬಂದದ್ದು ನಮ್ಮಲ್ಲಿಗೇ. ಆದರೆ ಹತ್ತು ಬೇಸಿಸ್ ಪಾಯಿಂಟು, ಎಂದರೆ ನೂರು ರೂಪಾಯಿಗೆ ವರ್ಷಕ್ಕೆ ಹತ್ತು ಪೈಸೆ ಶುಲ್ಕವೆಂದು ಹಿಡಿದರೆ, 500 ಕೋಟಿಯ ಒಂದು ರಾತ್ರಿಯ ಆತಿಥ್ಯಕ್ಕೆ ನಮಗೆ ದಕ್ಕುವುದು ಸುಮಾರು 13,700 ರೂಪಾಯಿ. ಊಟದ ಬಿಲ್ಲು 16,200.

ಸಂಬಳ ಚೆನ್ನಾಗಿಯೇ ಇದೆ, ಸುಳ್ಳು ಹೇಳಲಾರೆ. ಆದರೆ ಅದರ ಸಾರವೆಲ್ಲ ಬೋನಸ್ಸಿನಲ್ಲಿದ್ದು, ಆ ಬೋನಸ್ಸನ್ನು ಅಳೆಯುವುದು ಮಾರ್ಚ್ 31ರಂದು ಫಂಡಿನಲ್ಲಿ ಉಳಿದಿರುವ ಮೊತ್ತದಿಂದ. ಮುಂಗಡ ತೆರಿಗೆ ಕಟ್ಟಲು ಕಂಪೆನಿಗಳು ಹಣ ಹಿಂತೆಗೆಯುವುದಾದರೋ ಮಾರ್ಚ್ 15ಕ್ಕೆ! ವರ್ಷವಿಡೀ ಕೂಡಿಹಾಕಿದ ಕೋಟಿಗಳು ಆ ಪಕ್ಷದಲ್ಲಿ ಜಾತ್ರೆ ಮುಗಿದ ಬಯಲಾಗುತ್ತವೆ. ನಮ್ಮ ಸೇಲ್ಸ್ ಮುಖ್ಯಸ್ಥರ ಪಾಡು ಇನ್ನೂ ರಸವತ್ತಾದುದು: ಮಾರುಕಟ್ಟೆ ನಿಯಂತ್ರಕ ಸೆಬಿಯ 2021ರ ಆಜ್ಞೆಯಂತೆ ಅವರ ಸಂಬಳದ ಶೇಕಡಾ 20 ನಮ್ಮದೇ ಫಂಡುಗಳ ಯೂನಿಟ್ಟುಗಳಾಗಿ ಮೂರು ವರ್ಷ ಬೀಗದೊಳಗೆ ಸೇರಿತು. ಅಂದಿನಿಂದ, ದೀರ್ಘಕಾಲದ ಸಂಯಮವನ್ನು ಕುರಿತು ಅವರು ಗಿರಾಕಿಗಳಿಗೆ ಮಾಡುವ ಉಪನ್ಯಾಸದಲ್ಲಿ ಹಿಂದೆಂದೂ ಕಾಣದ ಆರ್ತತೆ ಕೇಳಿಬರುತ್ತಿದೆ.

ದಸರೆಗೆ ಊರಿಗೆ ಹೋದಾಗ ತಾಯಿಯವರ ಎರಡು ಲಕ್ಷದ ಠೇವಣಿಯ ಅವಧಿ ಮುಗಿದಿತ್ತು. ಅದನ್ನು ನಮ್ಮ ಫಂಡಿನಲ್ಲಿ ಹಾಕಿರೆಂದು ಒಂದು ತಾಸು ಅಮೋಘವಾಗಿ ಮಾತಾಡಿದೆ. ಎಲ್ಲವನ್ನೂ ಶಾಂತವಾಗಿ ಕೇಳಿದ ಆಕೆ, ‘ಬಡ್ಡಿ ಎಷ್ಟು ಬರ್ತದ ಅಂತ ಬರದು ಕೊಡ್ತೀಯೇನೋ?’ ಎಂದರು. ಹಾಗೆ ಬರೆದುಕೊಡುವುದು ನಿಯಮಬಾಹಿರವೆಂದೆ. ಮರುಮಾತಿಲ್ಲದೆ ಕೊಡೆ ಹಿಡಿದು ಪೋಸ್ಟಾಫೀಸಿಗೆ ಹೊರಟರು. ಅರ್ಜಿ ತುಂಬುವ ಭಾಗ್ಯ ನನ್ನದಾಯಿತು. ಜೇಬಿನಲ್ಲಿದ್ದುದು ನಮ್ಮ ಕಂಪೆನಿಯ ಹೆಸರು ಕೊರೆದ ಪೆನ್ನೊಂದೇ, ಅದರಿಂದಲೇ ತುಂಬಿಕೊಟ್ಟೆ.