ವಿದುರನ ಪಥ್ಯ

ಭಾನುವಾರ ಬೆಳಗಿನ ಏಳು ಗಂಟೆಗೆ ನಮ್ಮ ಬಡಾವಣೆಯ ಮಟನ್ ಅಂಗಡಿಯ ಮುಂದೆ ಕೈಚೀಲ ಹಿಡಿದು ನಿಲ್ಲುವ ಹತ್ತು ಹನ್ನೆರಡು ಮಂದಿಯ ನಡುವೆ, ಸ್ನಾನಾಹ್ನಿಕಗಳನ್ನು ಪೂರೈಸಿ, ಹಣೆಯ ಗೋಪೀಚಂದನ ಇನ್ನೂ ಆರಿರದಿರುವಾಗಲೇ, ಬಲಗೈಯಲ್ಲಿ ಮುಚ್ಚಳದ ಸ್ಟೀಲ್ ಡಬ್ಬಿಯನ್ನೂ ಎಡಗೈಯಲ್ಲಿ ಉದ್ದನೆಯ ಲೆಕ್ಕದ ಪುಸ್ತಕವನ್ನೂ ಹಿಡಿದು, ಉಸಿರನ್ನು ಮಾತ್ರ ಬಹು ಮಿತವಾಗಿ ಒಳಕ್ಕೆ ತೆಗೆದುಕೊಳ್ಳುತ್ತ ನಿಂತಿರುವ ವೃದ್ಧ ಗೃಹಸ್ಥರೊಬ್ಬರನ್ನು ಕಂಡು ಈಗ ಯಾರೂ ಬೆರಗಾಗುವುದಿಲ್ಲ. ಮೊದಲ ದಿನದ ಮಾತು ಬೇರೆ. ಅಂಗಡಿಯ ಭಾಯಿ ಅವರು ದಾರಿ ತಪ್ಪಿ ಬಂದರೆಂದು ಮರುಗಿ, "ಸ್ವಾಮಿ, ತರಕಾರಿ ಅಂಗಡಿ ಆ ಕಡೆ ಐತೆ," ಎಂದು ಕೈ ತೋರಿದರು. ರಾಯರು ವಿಚಲಿತರಾಗದೆ ಪುಸ್ತಕವನ್ನು ಬಿಡಿಸಿ, "ಯಕೃತ್ತು 280 ಗ್ರಾಂ, ಪ್ಲೀಹ 140, ವೃಕ್ಕ 140," ಎಂದು ಸಂಕಲ್ಪ ಹೇಳುವ ಧಾಟಿಯಲ್ಲಿ ಓದಿದರು. ಭಾಯಿ ತಮ್ಮ ಜನ್ಮದಲ್ಲಿ ಅಂಥ ಪದಾರ್ಥಗಳನ್ನು ಮಾರಿದವರಲ್ಲ. ಹಿಂದೆ ನಿಂತಿದ್ದ ನಾನು ದುಭಾಷಿಯ ಕೆಲಸವನ್ನು ಕೈಗೊಂಡು, "ಕಲೀಜ, ತಿಲ್ಲಿ, ಗುರ್ದಾ," ಎಂದು ಬಿಡಿಸಿ ಹೇಳಿದ ಮೇಲೆ ವ್ಯವಹಾರ ಕುದುರಿತು. ನಮ್ಮಿಬ್ಬರ ಸ್ನೇಹವೂ ಅಂದಿನದೇ.

ಬೆಂಗಳೂರಿನಲ್ಲಿ ರಾಯರಂಥವರು ಈಗ ಬಡಾವಣೆಗೊಬ್ಬರಾದರೂ ಸಿಗುವರು. ಮಗ ಹೊರದೇಶಕ್ಕೆ ಹೋಗುವಾಗ ಮನೆಯನ್ನೂ ಕಾರನ್ನೂ ತಂದೆಗೆ ಒಪ್ಪಿಸುವಂತೆ ನಾಯಿಯನ್ನೂ ಒಪ್ಪಿಸಿ ಹೋಗುತ್ತಾನೆ. ಮನೆ ಸುಮ್ಮನಿರುತ್ತದೆ, ಕಾರು ಧೂಳು ಹಿಡಿಯುತ್ತದೆ, ನಾಯಿ ಮಾತ್ರ ದಿನಕ್ಕೆರಡು ಬಾರಿ ಹಸಿಯುತ್ತದೆ. ರಾಯರ ಮಗ ಸೇರಿದ್ದು ಆಸ್ಟ್ರೇಲಿಯ. ಬಿಟ್ಟುಹೋದದ್ದು ಮೂವತ್ತೆರಡು ಕಿಲೋ ತೂಕದ ಒಂದು ಲ್ಯಾಬ್ರಡಾರ್. ಅದಕ್ಕೆ ಅವನಿಟ್ಟಿದ್ದ ಹೆಸರು ಉಚ್ಚಾರಣೆಗೆ ಒಗ್ಗದೆ ಹೋದದ್ದರಿಂದ ರಾಯರು ಅದನ್ನು ವಿದುರನೆಂದು ಕರೆದರು. ಆರು ತಿಂಗಳಲ್ಲಿ ವಿದುರನ ಮೈಯೆಲ್ಲ ನವೆಯೆದ್ದು ಕೂದಲುದುರಲಾಗಿ, ಮಗ ಅಲ್ಲಿಂದಲೇ ಒಂದು ಪುಸ್ತಕವನ್ನು ಕಳುಹಿಸಿಕೊಟ್ಟ: ಇಯಾನ್ ಬಿಲ್ಲಿಂಗ್‌ಹರ್ಸ್ಟ್ ಎಂಬ ಆಸ್ಟ್ರೇಲಿಯದ ಪಶುವೈದ್ಯರು 1993ರಲ್ಲಿ ಬರೆದದ್ದು, ನಾಯಿಗೆ ಎಲುಬು ಕೊಡಿರೆಂದು ಹೆಸರಿನಲ್ಲಿಯೇ ವಿಧಿಸುವಂಥದು. ಮೂವತ್ತೈದು ವರ್ಷ ಲೆಕ್ಕಪರಿಶೋಧನೆ ಮಾಡಿ ನಿವೃತ್ತರಾಗಿ, ತಪ್ಪು ಹುಡುಕಲು ಮನೆಯಲ್ಲಿ ಹೆಂಡತಿಯೊಬ್ಬರನ್ನು ಬಿಟ್ಟರೆ ಮತ್ತೊಂದು ಕಡತವಿಲ್ಲದೆ ಬಳಲುತ್ತಿದ್ದ ರಾಯರಿಗೆ ಆ ಪುಸ್ತಕವು ಮರುಭೂಮಿಯ ಪಥಿಕನಿಗೆ ದೊರೆತ ಸರೋವರವಾಯಿತು.

ಹಸಿ ಆಹಾರದವರ ಸಿದ್ಧಾಂತವು ಸರಳ. ನಾಯಿಯ ಮೂಲಪುರುಷನು ತೋಳ, ತೋಳನಿಗೆ ಒಲೆಯಿಲ್ಲ, ಆದಕಾರಣ ನಾಯಿಗೆ ಬೇಯಿಸಿದ ಅನ್ನವು ನಿಷಿದ್ಧ. ದೇಹತೂಕದ ನೂರಕ್ಕೆ ಎರಡೂವರೆ ಪಾಲು ದಿನದ ಆಹಾರ. ಅದರಲ್ಲಿ ನೂರಕ್ಕೆ ಎಂಬತ್ತು ಮಾಂಸಖಂಡ, ಹತ್ತು ಎಲುಬು, ಉಳಿದ ಹತ್ತು ಒಳಾಂಗ. ಆ ಹತ್ತರಲ್ಲಿ ಐದು ಯಕೃತ್ತೇ ಆಗಿರಬೇಕು, ಐದು ಬೇರೆ ಅಂಗಗಳು. ವಿದುರನ ಲೆಕ್ಕಕ್ಕೆ ದಿನಕ್ಕೆ 800 ಗ್ರಾಂ, ಅದರಲ್ಲಿ ಯಕೃತ್ತು 40 ಗ್ರಾಂ. ನಲವತ್ತೊಂದಾಯಿತೋ, ರಾಯರು ಚಿಮ್ಮಟದಿಂದ ಒಂದು ಗ್ರಾಮನ್ನು ಹಿಂದಕ್ಕೆ ತೆಗೆಯುವರು. ಅವರ ಅಳತೆಯ ತಕ್ಕಡಿ ಅಕ್ಕಸಾಲಿಗರದು. ಭಾಯಿಯ ತಕ್ಕಡಿಯ ಮೇಲೆ ಅವರಿಗೆ ಇಲಾಖೆಯ ಕಾಲದ ಅವಿಶ್ವಾಸ.

ಈ ಹತ್ತು ಪಾಲಿನ ವಿಷಯದಲ್ಲಿ ನಡೆಯುವ ವಾದವಿವಾದಗಳನ್ನು ಕೇಳದವನು ನಮ್ಮ ನಾಡಿನಲ್ಲಿ ತರ್ಕಶಾಸ್ತ್ರವು ಕ್ಷೀಣಿಸಿತೆಂದು ವೃಥಾ ದುಃಖಿಸುತ್ತಾನೆ. ಹಿಮಸೀಮೆಯ ಹಸ್ಕಿಯೊಂದನ್ನು ಎರಡು ಕೋಣೆಯ ಫ್ಲ್ಯಾಟಿನಲ್ಲಿ ಹಗಲಿರುಳೂ ಏಸಿ ಹಾಕಿ ಸಾಕಿಕೊಂಡಿರುವ ತರುಣಿಯೊಬ್ಬಳು ಒಮ್ಮೆ ಸಾಲಿನಲ್ಲಿ ನಿಂತು, "ಅಂಕಲ್, ನಾನು ಆರ್ಗನ್ ಅಂತ ಹಾರ್ಟೇ ಕೊಡೋದು," ಎಂದುಬಿಟ್ಟಳು. ರಾಯರ ಮುಖ ವಿವರ್ಣವಾಯಿತು. ಪರಮತವನ್ನು ಮೊದಲು ಯಥಾವತ್ತಾಗಿ ಅನುವಾದಿಸಿ ಅನಂತರ ಖಂಡಿಸಬೇಕೆಂಬ ಪೂರ್ವಿಕರ ಮರ್ಯಾದೆಗೆ ಚ್ಯುತಿಯಿಲ್ಲದಂತೆ ಅವರು ಆರಂಭಿಸಿದರು: "ಹೃದಯವು ಹೊಟ್ಟೆಯೊಳಗಿನ ವಸ್ತುಗಳೊಡನೆ ಮಾರಾಟವಾಗುವುದರಿಂದ ಅಂಗವೆಂದು ತೋರುವುದು ನಿಜವಮ್ಮ, ಆದರೆ ಅಂಗದ ಲಕ್ಷಣವೇನು? ಸ್ರವಿಸುವುದು. ಯಕೃತ್ತು ಪಿತ್ತವನ್ನು ಸ್ರವಿಸುತ್ತದೆ, ಮೂತ್ರಪಿಂಡದ ಸ್ರಾವವಂತೂ ಲೋಕಪ್ರಸಿದ್ಧ. ಹೃದಯವು ಏನು ಸ್ರವಿಸುತ್ತದೆ? ಬಡಿದುಕೊಳ್ಳುತ್ತದೆ, ಅಷ್ಟೆ. ಆದ್ದರಿಂದ ಅದು ಮಾಂಸಖಂಡ; ಎಂಬತ್ತರಲ್ಲಿ ಬರೆದುಕೊ, ಹತ್ತರಲ್ಲಿ ಬರೆಯಬೇಡ." ಪ್ಲೀಹವು ಏನನ್ನು ಸ್ರವಿಸುತ್ತದೆಂದು ಕೇಳಬೇಕೆಂದು ನನಗೂ ನಾಲಿಗೆಯ ತುದಿಗೆ ಬಂದಿತ್ತು; ಸಾಲು ಮುಂದೆ ಸರಿಯಿತು, ಸುಮ್ಮನಾದೆ. ಬೋಟಿ, ಶ್ವಾಸಕೋಶಗಳಿಗೂ ಮಾಂಸಖಂಡದ ಗತಿಯೇ. ಬೋಟಿ ಗೊಜ್ಜನ್ನು ಸವಿದು ಬೆಳೆದ ಮಂಡ್ಯದ ಕಡೆಯ ನನಗೆ, ಈರುಳ್ಳಿಯನ್ನು ಕೂಡ ಮನೆಯೊಳಕ್ಕೆ ಸೇರಿಸದವರೊಬ್ಬರು ಬೋಟಿಯ ವರ್ಗೀಕರಣವನ್ನು ತಿಳಿಸಿಕೊಟ್ಟದ್ದು ಬಾಳಿನ ವಿಚಿತ್ರಾನುಭವಗಳಲ್ಲಿ ಒಂದು.

ಮನೆಯ ಸಂಗತಿಯನ್ನು ಕೇಳುವಿರಾದರೆ, ಮಡಿ ಎಂಬುದು ಅಲ್ಲಿ ಕಡಿಮೆಯಾಗಿಲ್ಲ, ಇಮ್ಮಡಿಯಾಗಿದೆ. ದೇವರ ಮನೆಯ ಮಡಿ ಶ್ರೀಮತಿಯವರ ಅಧೀನ; ಕಾರ್ ಷೆಡ್ಡಿನ ಮಡಿ ರಾಯರದು. ಷೆಡ್ಡಿನಲ್ಲಿ ಒಂದು ಪ್ರತ್ಯೇಕ ಫ್ರೀಜರು, ಪ್ರತ್ಯೇಕ ಮಣೆ, ಪ್ರತ್ಯೇಕ ಚಾಕು, ಪ್ರತ್ಯೇಕ ಪಂಚೆ. ಕೈಗವುಸಿಲ್ಲದೆ ಅವರು ಒಂದನ್ನೂ ಮುಟ್ಟರು. ಬಡಿಸಿದ ತಟ್ಟೆಯನ್ನು ಕುದಿಯುವ ನೀರಿನಲ್ಲಿ ತೊಳೆಯದೆ ಒಳಗೆ ಕಾಲಿಡರು. ಹಸಿಮಾಂಸದಲ್ಲಿ ಸಾಲ್ಮೊನೆಲ್ಲ ಮುಂತಾದ ಕ್ರಿಮಿಗಳಿರುತ್ತವೆಂದೂ, ನಾಯಿಗೆ ಏನೂ ಆಗದೆ ಮನೆಯವರಿಗೆ ಅಂಟಬಹುದೆಂದೂ, ಅಮೆರಿಕದ ಪಶುವೈದ್ಯರ ಸಂಘವು 2012ರಲ್ಲಿ ಇಂಥ ಆಹಾರವನ್ನು ಕೊಡಬಾರದೆಂದೇ ಹೇಳಿತೆಂದೂ ಅವರು ತಿಳಿದವರೇ. "ಎಂಜಲು ಮುಸುರೆಯ ನಿಯಮ ಇರುವ ಮನೆಗೆ ಸಾಲ್ಮೊನೆಲ್ಲ ಹೇಗೆ ಬಂದೀತು, ಗೌಡರೇ? ನಮ್ಮ ಅಜ್ಜಿಗೆ ಹೆಸರು ತಿಳಿದಿರಲಿಲ್ಲ, ಅಷ್ಟೆ," ಎನ್ನುವರು. ಏಕಾದಶಿಯಂದು ವಿದುರನಿಗೂ ಉಪವಾಸ. ತೋಳವೂ ದಿನವೂ ಉಣ್ಣುವುದಿಲ್ಲವೆಂಬುದು ಶಾಸ್ತ್ರಾಧಾರ. ಶ್ರೀಮತಿಯವರು ಈ ವಿಷಯದಲ್ಲಿ ಒಮ್ಮೆ ಮಾತ್ರ ಬಾಯಿಬಿಟ್ಟದ್ದನ್ನು ನಾನು ಕೇಳಿದ್ದೇನೆ: "ನನ್ನ ಥೈರಾಯ್ಡ್ ಮಾತ್ರೆ ಎಷ್ಟು ಪವರಿನದು ಅಂತ ಕೇಳಿ ನೋಡಿ ಇವರನ್ನ!"

ಭಾಯಿ ಕೊಚ್ಚುವಾಗ ಹಿಡಿಯುವ ಕಾಲಾವಕಾಶವನ್ನು ರಾಯರು ಜನಜಾಗೃತಿಗೆ ವಿನಿಯೋಗಿಸುವರು. ಯಕೃತ್ತು ಅಮೃತವೆಂದು ತಿಳಿದು ತಟ್ಟೆ ತುಂಬ ಸುರಿಯುವ ಅಜ್ಞಾನಿಗಳಿಗೆ ಅವರು ಹೇಳುವ ಕಥೆ ಒಂದೇ. 1912ರ ಕೊನೆಯಲ್ಲಿ, ಅಂಟಾರ್ಕ್ಟಿಕದ ಹಿಮದಲ್ಲಿ, ಅನ್ವೇಷಕ ಡಗ್ಲಸ್ ಮಾಸನ್ನನ ಒಬ್ಬ ಸಂಗಡಿಗನು ಆಹಾರ ತುಂಬಿದ ಜಾರುಬಂಡಿಯೊಡನೆ ಕಂದರಕ್ಕೆ ಬಿದ್ದು ಹೋಗಲಾಗಿ, ಉಳಿದ ಇಬ್ಬರು ತಮ್ಮ ಬಂಡಿಯ ನಾಯಿಗಳನ್ನೇ ಒಂದೊಂದಾಗಿ ಕೊಂದು ತಿನ್ನುತ್ತ ನಡೆದರು. ಚರ್ಮ ಸುಲಿದು, ಬುದ್ಧಿ ಕದಡಿ, ಮೆರ್ಟ್ಸ್ ಎಂಬವನು 1913ರ ಜನವರಿಯಲ್ಲಿ ತೀರಿಕೊಂಡನು. ಅವನನ್ನು ಕೊಂದದ್ದು ನಾಯಿಯ ಯಕೃತ್ತಿನಲ್ಲಿದ್ದ ಎ ಜೀವಸತ್ತ್ವದ ಅತಿರೇಕವೆಂದು ಬಹುಕಾಲದ ಮೇಲೆ ಕೆಲವು ವಿದ್ವಾಂಸರು ಊಹಿಸಿದರು. "ಆದ್ದರಿಂದ ನಲವತ್ತೇ ಗ್ರಾಂ!" ಎಂದು ರಾಯರು ಮುಗಿಸುವಷ್ಟರಲ್ಲಿ, ಅರ್ಧ ಕಿಲೋ ಲಿವರ್ ಫ್ರೈಗೆಂದು ಬಂದವರಲ್ಲಿ ಇಬ್ಬರಾದರೂ ಕೈಮಾಕ್ಕೆ ಮನಸ್ಸು ಬದಲಾಯಿಸಿರುತ್ತಾರೆ. ಭಾಯಿಗೆ ಈ ಕಥೆ ಕಂಡರಾಗದು.

ನಾನೂ ಸುಮ್ಮನಿರುವವನಲ್ಲ. ನಮ್ಮೂರಿನಲ್ಲಿ ಮುದ್ದೆಯ ಚೂರನ್ನು ಉಪ್ಸಾರಿನಲ್ಲಿ ಅದ್ದಿ ಎಸೆದದ್ದನ್ನು ತಿಂದೇ ಹದಿನಾಲ್ಕು ವರ್ಷ ಬದುಕಿದ ಕರಿಯನೆಂಬ ನಾಯಿಯ ದೃಷ್ಟಾಂತವನ್ನು ಕೊಟ್ಟೆ. ಸಾಲದೆಂದು, ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಸಂಶೋಧನೆಯನ್ನೂ ಮುಂದಿಟ್ಟೆ. ಪಿಷ್ಟವನ್ನು ಜೀರ್ಣಿಸುವ ಜೀನಿನ ಪ್ರತಿಗಳು ತೋಳದಲ್ಲಿ ಎರಡೇ ಇದ್ದರೆ ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೂ ಇವೆಯಂತೆ; ಅಂದರೆ ಮನುಷ್ಯನ ಅಂಗಳಕ್ಕೆ ಬಂದ ಮೇಲೆ ನಾಯಿ ಮನುಷ್ಯನ ಅನ್ನಕ್ಕೂ ಒಗ್ಗಿತು. ರಾಯರು ಕಣ್ಣು ಮುಚ್ಚಿ ಆಲಿಸಿ, "ಅದು ಆಪದ್ಧರ್ಮ," ಎಂದರು. ಅನಂತರ ಅವರು ಎಸೆದ ಬ್ರಹ್ಮಾಸ್ತ್ರ ನಮ್ಮ ಜಿಲ್ಲೆಯದೇ ಆಗಿತ್ತು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಊರು ಹೊನ್ನುಗಳನ್ನು ಬಿಟ್ಟು ಬಹುಮಾನವಾಗಿ ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಸೆಣಸಿ, ಎರಡೂ ಮಡಿದುವೆಂದು ಹತ್ತನೆಯ ಶತಮಾನದ ಆತಕೂರಿನ ಶಾಸನವು ಹೇಳುವುದಷ್ಟೆ? "ಕಾಳಿ ಮುದ್ದೆ ತಿಂದು ಹಂದಿಯ ಮೇಲೆ ಬಿದ್ದಿತೇನು?" ಎಂದು ರಾಯರು ಕೇಳಿದರು. ಶಾಸನವು ಕಾಳಿಯ ಶೌರ್ಯವನ್ನು ಹೊಗಳಿದೆಯೇ ಹೊರತು ಅದರ ಊಟದ ವಿಚಾರವನ್ನು ಕೆತ್ತಿಸಿಲ್ಲವಾದ್ದರಿಂದ ನಾನು ನಿರುತ್ತರನಾದೆ. ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲವರೆಗೆ ನಡೆದ ನಾಯಿ ದಾರಿಯುದ್ದಕ್ಕೂ ಏನು ತಿಂದಿತೆಂಬುದನ್ನು ವ್ಯಾಸರೂ ಬಿಟ್ಟಿದ್ದಾರೆ.

ಒಂದು ವಿಷಯದಲ್ಲಿ ಮಾತ್ರ ರಾಯರ ಎಚ್ಚರಿಕೆಗೆ ನಾನು ತಲೆಬಾಗುತ್ತೇನೆ. ಕುರಿಮೇಕೆಗಳ ಈ ಒಳಾಂಗಗಳಲ್ಲಿ, ವಿಶೇಷವಾಗಿ ಯಕೃತ್ತು ಶ್ವಾಸಕೋಶಗಳಲ್ಲಿ, ಒಂದು ಲಾಡಿಹುಳುವಿನ ನೀರ್ಗುಳ್ಳೆಗಳಿರಬಹುದು. ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಹುಳು ಬೆಳೆದು, ಅದರ ಮಲದೊಡನೆ ಹೊರಬಿದ್ದ ಮೊಟ್ಟೆಗಳು ಮನುಷ್ಯನ ಹೊಟ್ಟೆಯನ್ನು ಸೇರಿದರೆ, ಗುಳ್ಳೆ ನಮ್ಮ ಯಕೃತ್ತಿನಲ್ಲಿಯೇ ಮೊಸಂಬಿಯಷ್ಟಾಗಿ ಊದಿಕೊಳ್ಳುವುದುಂಟು. ಕುರಿಗಳ ನಾಡಾದ ನ್ಯೂಜಿಲೆಂಡಿನಲ್ಲಿ ಈ ರೋಗವನ್ನು ಅಡಗಿಸಲು, ನಾಯಿಗಳಿಗೆ ಹಸಿ ಒಳಾಂಗ ಹಾಕುವುದನ್ನೇ ತಡೆಯಬೇಕಾಯಿತು. ಇದನ್ನು ಓದಿದ ದಿನದಿಂದ ರಾಯರು ತಂದ ಸರಕನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗೆ ವಾರವೊಂದು ಹೆಪ್ಪುಗಟ್ಟಿಸಿದ ಮೇಲೆಯೇ ಬಡಿಸುವರು. ವಿದುರನಿಗೆ ಹುಳುವಿನ ಮಾತ್ರೆ ನುಂಗಿಸುವ ತಾರೀಖುಗಳು ಕೆಂಪು ಶಾಯಿಯಲ್ಲಿವೆ. ಚೆನ್ನಾಗಿ ಬೇಯಿಸಿಬಿಟ್ಟರೆ ಈ ಭಯವೇ ಇರದಲ್ಲ ಎಂದು ನಾನೊಮ್ಮೆ ಸೂಚಿಸಿದೆ. "ಬೇಯಿಸುವುದಾದರೆ ಅಡಿಗೆಯಾಯಿತು. ನಾನು ಬ್ರಾಹ್ಮಣ, ಮಾಂಸದ ಅಡಿಗೆ ಮಾಡಲೆ?" ಎಂದರು. ಆ ನೆಲೆಯಿಂದ ನೋಡಿದರೆ ಹಸಿ ಆಹಾರದ ಪಕ್ಷಕ್ಕೆ ಇದಕ್ಕಿಂತ ದೃಢವಾದ ಯುಕ್ತಿಯನ್ನು ಆ ಆಸ್ಟ್ರೇಲಿಯದ ವೈದ್ಯರೂ ಹುಡುಕಿರಲಾರರು.

ಕಳೆದ ತಿಂಗಳು ನಮ್ಮ ಮಗಳು ಬಾಣಂತನಕ್ಕೆ ಬಂದಳು. ಅವಳಿಗೆ ಲಿವರ್ ಕೊಡಬೇಕೆಂದು ಮನೆಯಾಕೆ ಅಪ್ಪಣೆ ಮಾಡಲಾಗಿ, ನಾನು ಭಾನುವಾರ ಅಂಗಡಿಗೆ ಹೋದರೆ, ಕೊಕ್ಕೆಯಲ್ಲಿ ಒಂದೇ ಒಂದು ತುಂಡು ತೂಗುತ್ತಿದೆ. ಭಾಯಿ ತಲೆಯಾಡಿಸಿ, "ಅದು ವಿದುರಪ್ಪಂದು ಸಾರ್," ಎಂದರು. ಮೂವತ್ತು ವರ್ಷದ ಗಿರಾಕಿ ನಾನು. ನಾಯಿಗೆ ಅಪ್ಪ ಸೇರಿತ್ತು, ನನಗೆ ಸಾರ್ ಮಾತ್ರ. ಅಷ್ಟರಲ್ಲಿ ರಾಯರೇ ಬಂದರು. ಸಂಗತಿಯನ್ನು ಕೇಳಿ, ಪುಸ್ತಕ ತೆರೆದು, ಬುಧವಾರದ ಪುಟದ ಮೇಲೆ ಬೆರಳಿಟ್ಟರು. ಆ ದಿನ ಹಿಮ ಬಿಡಲೆಂದು ಇಟ್ಟಿದ್ದ ತಟ್ಟೆಯಿಂದ ಇಡೀ ವಾರದ ಯಕೃತ್ತನ್ನು ವಿದುರನು ಒಂದೇ ತುತ್ತಿಗೆ ಮುಗಿಸಿದ್ದನು. ಅನಂತರ ನಡೆದ ಭೇದಿಯ ವಿವರವೂ ವೇಳೆಸಹಿತ ಅಲ್ಲಿತ್ತು. "ಈ ವಾರ ಅವನ ಖಾತೆಯಲ್ಲಿ ಬಾಕಿಯಿಲ್ಲ. ಇದನ್ನು ಧಾರಾಳವಾಗಿ ನೀವು ಕೊಂಡೊಯ್ಯಿರಿ, ಗೌಡರೇ," ಎಂದರು. ನಾನು ಕೃತಜ್ಞತೆಯಿಂದ ಹಣ ತೆಗೆಯುತ್ತಿರುವಾಗ ಅವರು ಪೆನ್ನಿನ ಮುಚ್ಚಳ ತೆಗೆದು, "ಮಗಳ ತೂಕವೆಷ್ಟು?" ಎಂದು ಕೇಳಿದರು.

"ಐವತ್ತಾರು ಕಿಲೋ ಇರಬಹುದು, ರಾಯರೇ."

"ದಿನಕ್ಕೆ 1400. ಅದರಲ್ಲಿ ಯಕೃತ್ತು ಎಪ್ಪತ್ತು ಗ್ರಾಂ. ಇದು ನಾಲ್ಕು ದಿನ ಬಂದೀತು," ಎಂದು ಬರೆಯುತ್ತ ಹೋದವರು ಥಟ್ಟನೆ ನಿಂತು, "ತಾಳಿ, ತಾಳಿ. ಹಾಲೂಡಿಸುವವಳಲ್ಲವೆ? ಹಾಗಾದರೆ ಪ್ರಮಾಣ ಬೇರೆ," ಎಂದು ಹಿಂದಿನ ಪುಟಗಳನ್ನು ತಿರುವಿ, ಕೋಷ್ಟಕವೊಂದರ ಮೇಲೆ ಕನ್ನಡಕವನ್ನು ಬಗ್ಗಿಸಿ, ಗಂಭೀರವಾಗಿ ಕೇಳಿದರು:

"ಮರಿ ಎಷ್ಟು?"